ಪೊಲೀಸರ ವೆಟ್ಟಿಂಗ್‌ನಲ್ಲಿ ಜನರ ಮಾತಿಗೆ ಎಷ್ಟು ತೂಕ? ಕೀನ್ಯಾದ ಅನುಭವ ಮುಂದಿಟ್ಟುಕೊಂಡು ಒಂದು ಚರ್ಚೆ

ಕಡತಪ್ರಿಯ

ಕೀನ್ಯಾದಲ್ಲಿ 2013ರ ಡಿಸೆಂಬರ್‌ನಲ್ಲಿ ಒಂದು ದೊಡ್ಡ ಕೆಲಸ ಶುರುವಾಯಿತು. ಈಗಾಗಲೇ ಡ್ಯೂಟಿಯಲ್ಲಿರುವ ಪೊಲೀಸರೆಲ್ಲ ಒಂದು ಸಮಿತಿಯ ಮುಂದೆ ಕೂರಬೇಕು. ತಾವು ಈ ಕೆಲಸಕ್ಕೆ ಯೋಗ್ಯರು, ಕೆಲಸ ಬಲ್ಲವರು ಅಂತ ತೋರಿಸಿಕೊಡಬೇಕು. ಇದಕ್ಕೇ ವೆಟ್ಟಿಂಗ್ ಅನ್ನುವುದು. ಪೇದೆಯಿಂದ ದೊಡ್ಡ ಸಾಹೇಬರ ತನಕ ಯಾರಿಗೂ ವಿನಾಯಿತಿ ಇಲ್ಲ. 2011ರ ರಾಷ್ಟ್ರೀಯ ಪೊಲೀಸ್ ಸೇವಾ ಕಾಯ್ದೆಯಲ್ಲೇ ಇದು ಬರೆದಿದೆ. ನಡೆಸುವುದು ರಾಷ್ಟ್ರೀಯ ಪೊಲೀಸ್ ಸೇವಾ ಆಯೋಗ. ಶುರು ಮಾಡಿದ್ದು ಮೇಲಿನವರಿಂದ. ಆ ವಿಚಾರಣೆಗಳನ್ನು ಟಿವಿಯಲ್ಲೂ ತೋರಿಸಿದರು.

ಇದಕ್ಕೆ ಕಾರಣ 2007ರ ಡಿಸೆಂಬರ್ ಚುನಾವಣೆ. ಅದರ ಬೆನ್ನಿಗೇ ನಡೆದ ಗಲಭೆಯಲ್ಲಿ 1,133 ಜನ ಸತ್ತರು ಅಂತ ನ್ಯಾಯಮೂರ್ತಿ ಫಿಲಿಪ್ ವಾಕಿ ಆಯೋಗ ಲೆಕ್ಕ ಕೊಟ್ಟಿತು. ಅವರಲ್ಲಿ 405 ಜನ ಸತ್ತಿದ್ದು ಗುಂಡೇಟಿನಿಂದ. ಪೊಲೀಸ್ ಇಲಾಖೆಯನ್ನು ಬುಡದಿಂದಲೇ ಸರಿಮಾಡಬೇಕು ಅನ್ನುವ ಮಾತು ಆಗ ಗಟ್ಟಿಯಾಯಿತು. 2010ರಲ್ಲಿ ಹೊಸ ಸಂವಿಧಾನ ಬಂತು, ಅದರ ಜೊತೆಗೇ ಈ ಆಯೋಗವೂ ಬಂತು.

ನನ್ನ ಪ್ರಶ್ನೆ ಇರುವುದು ಇದರ ಒಂದು ಭಾಗದ ಬಗ್ಗೆ. ವಿಚಾರಣೆಗೆ ಬರುವವರ ಹೆಸರು ಮೊದಲೇ ಪ್ರಕಟವಾಗುತ್ತದೆ. ಅವರ ಬಗ್ಗೆ ಗೊತ್ತಿದ್ದನ್ನು ಬರೆದು ಕಳಿಸಿ ಅಂತ ಜನರನ್ನು ಕೇಳುತ್ತಾರೆ. ಇದು ಸರಿಯಾ? ಜನರ ಮಾತಿಗೆ ಎಷ್ಟು ತೂಕ ಕೊಡಬೇಕು? ಕೇಳಲೇಬೇಕು ಅನ್ನುವವನು ನಾನು. ಆದರೆ ಹೇಗೆ ಕೇಳುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ನಿವೃತ್ತ ಖಾಕಿ

ನಾನು ಠಾಣೆಗಳಲ್ಲೇ ಸರ್ವಿಸ್ ಮುಗಿಸಿದವನು. ಹಾಗಾಗಿ ಒಂದು ಮಾತು ಹೇಳಿಬಿಡ್ತೀನಿ.

ಮೂಗರ್ಜಿ ಅಂದರೆ ಏನು ಅಂತ ಇಲಾಖೆಯವರನ್ನು ಕೇಳಿ. ಜೂಜಿನ ಅಡ್ಡೆ ಮೇಲೆ ದಾಳಿ ಮಾಡಿ ನೋಡಿ, ಅದೇ ವಾರ ಮೇಲಧಿಕಾರಿಯ ಟೇಬಲ್ ಮೇಲೆ ನಿಮ್ಮ ಹೆಸರಿನ ಮೂಗರ್ಜಿ ಬಿದ್ದಿರುತ್ತದೆ. ಹೆಸರಿಲ್ಲ, ಸಹಿ ಇಲ್ಲ, 'ನೊಂದ ನಾಗರಿಕರು' ಅಂತ ಕೆಳಗೆ. ನಾಲ್ಕು ಜನರನ್ನು ಎದುರು ಹಾಕಿಕೊಂಡು ಕೆಲಸ ಮಾಡಿದವನ ಫೈಲು ದಪ್ಪ ಇರುತ್ತದೆ. ಯಾರ ತಂಟೆಗೂ ಹೋಗದೆ ಕುರ್ಚಿ ಬಿಸಿ ಮಾಡಿದವನ ಫೈಲು ಬಿಳಿ ಹಾಳೆ. ಜನರನ್ನು ಕೇಳಿದರೆ ಯಾರು ಪಾಸಾಗ್ತಾರೆ ಹೇಳಿ?

ಇನ್ನೊಂದು. ನಾವು ಜೈಲಿಗೆ ಕಳಿಸಿದವನೂ 'ಸಾರ್ವಜನಿಕ'ನೇ. ಅವನಿಗೂ ಪೆನ್ನು ಸಿಗುತ್ತದೆ.

ಸಂಜೆಮಲ್ಲಿಗೆ

ಖಾಕಿ ಸರ್, ನಿಮ್ಮ ಭಯ ನ್ಯಾಯವಾದದ್ದೇ. ಆದರೆ ಎರಡು ಬೇರೆ ಬೇರೆ ವಿಷಯ ಒಂದರೊಳಗೊಂದು ಸೇರಿಕೊಂಡಿವೆ.

ಜನರನ್ನು ಕೇಳುವುದು ಅಂದರೆ ವೋಟು ಹಾಕಿಸುವುದಲ್ಲ. ನೂರು ಜನ 'ಬೇಡ' ಅಂದರು, ಹತ್ತು ಜನ 'ಬೇಕು' ಅಂದರು ಅಂತ ಎಣಿಸುವ ಲೆಕ್ಕವೇ ಇಲ್ಲಿಲ್ಲ. ಜನ ಇಲ್ಲಿ ಸಾಕ್ಷಿ ಅಷ್ಟೇ. ತೀರ್ಮಾನ ಸಮಿತಿಯದ್ದು. ಅದು ನೋಡುವುದೂ ಶಿಸ್ತು, ಪ್ರಾಮಾಣಿಕತೆ, ಹಣಕಾಸಿನ ವ್ಯವಹಾರ, ಮಾನವ ಹಕ್ಕುಗಳಿಗೆ ಕೊಟ್ಟ ಬೆಲೆ, ಇಂಥ ಗೊತ್ತುಮಾಡಿದ ಅಂಶಗಳನ್ನು. ಒಬ್ಬರೇ ಬರೆದ ಒಂದೇ ಪತ್ರ ನಿಜವಾಗಿದ್ದರೆ ಸಾಕು. ಸಾವಿರ ಜನರ ಸಹಿ ಇದ್ದರೂ ಸಂಗತಿ ಇಲ್ಲದಿದ್ದರೆ ಅದು ಬರೀ ಕಾಗದ.

ದೊಡ್ಡ ಹುದ್ದೆಗಳಿಗೆ ಕೀನ್ಯಾ ಸಂಸತ್ತು ಒಪ್ಪಿಗೆ ಕೊಡುವಾಗ ಅನ್ವಯಿಸುವ 2011ರ ಇನ್ನೊಂದು ಕಾಯ್ದೆ ಇದೆ. ಅಭ್ಯರ್ಥಿ ಆ ಹುದ್ದೆಗೆ ತಕ್ಕವನಲ್ಲ ಅಂತ ಯಾರು ಬೇಕಾದರೂ ಹೇಳಬಹುದು. ಆದರೆ ಪ್ರಮಾಣ ಮಾಡಿ, ಬರವಣಿಗೆಯಲ್ಲಿ. ಅಂದರೆ ಅಫಿಡವಿಟ್. ನಿಮ್ಮ 'ನೊಂದ ನಾಗರಿಕರು' ಅಲ್ಲೇ ಸೋಸಿಹೋಗ್ತಾರೆ, ಅಲ್ವಾ?

ಬಿಡಿಸಿಹೇಳಿ

ಅಫಿಡವಿಟ್ ಅಂದ ತಕ್ಷಣ ನಿಜವಾಗಿ ನೊಂದವರೂ ಸೋಸಿಹೋಗ್ತಾರೆ ಮೇಡಂ. ನೋಟರಿ ಹತ್ತಿರ ಹೋಗಿ, ಹೆಸರು, ವಿಳಾಸ ಕೊಟ್ಟು, ಪಕ್ಕದ ಠಾಣೆಯ ಸಾಹೇಬರ ಮೇಲೆ ಪ್ರಮಾಣ ಮಾಡೋದು! ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಸ್ವಾಮಿ? ಮಾರನೇ ದಿನ ಆತ ಅದೇ ಬೀಟ್‌ನಲ್ಲಿ ಇರ್ತಾನೆ.

ಮಟಾಟು ಪ್ರಯಾಣಿಕ

ಕೆಲಸದ ಮೇಲೆ ಕೆಲವು ವರ್ಷ ನೈರೋಬಿಯಲ್ಲಿದ್ದೆ. ಅಲ್ಲಿ ಕಂಡಿದ್ದು ಹೇಳ್ತೀನಿ.

ಮಟಾಟು ಅಂದರೆ ಅಲ್ಲಿನ ಖಾಸಗಿ ವ್ಯಾನು. ಹದಿನಾಲ್ಕು ಸೀಟು. ರಸ್ತೆಯಲ್ಲಿ ಪೊಲೀಸರು ಕೈ ತೋರಿಸುತ್ತಾರೆ. ಕಂಡಕ್ಟರ್ ಬಾಗಿಲು ಜಾರಿಸಿ ಕೆಳಗಿಳಿಯುತ್ತಾನೆ. ನೋಟು ಆಗಲೇ ಸಣ್ಣಗೆ ಮಡಚಿ ಅಂಗೈಯಲ್ಲಿರುತ್ತದೆ. ನಡೆಯುವುದು ಬರೀ ಒಂದು ಕೈಕುಲುಕು. ಅಧಿಕಾರಿಯ ಕಣ್ಣು ವ್ಯಾನಿನ ಟೈರಿನ ಮೇಲೆ, ಕಂಡಕ್ಟರ್ ಕಣ್ಣು ಮುಂದಿನ ರಸ್ತೆ ಮೇಲೆ. ಗಾಡಿ ಹೊರಡುತ್ತದೆ. ಎಂಜಿನ್ ಆಫ್ ಮಾಡುವಷ್ಟು ಹೊತ್ತೂ ಹಿಡಿಯುವುದಿಲ್ಲ.

ಒಳಗೆ ಕೂತ ಹದಿನಾಲ್ಕು ಜನರೂ ನೋಡಿರುತ್ತಾರೆ. ಆ ಅಧಿಕಾರಿಯ ಹೆಸರೇನು ಅಂತ ಕೇಳಿ, ಒಬ್ಬರಿಗೂ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿರುವುದು ಇಷ್ಟೇ: ಇಂಥ ವೃತ್ತದ ಹತ್ತಿರ, ದಿನಾ ಬೆಳಿಗ್ಗೆ, ಎತ್ತರದ ಮನುಷ್ಯ, ಮೀಸೆ ಇಲ್ಲ.

ಆಯೋಗದ ಪ್ರಕಟಣೆಯಲ್ಲಿ ಹೆಸರುಗಳ ಪಟ್ಟಿ ಬರುತ್ತದೆ. ಹೆಸರು ನೋಡಿದರೆ ಜನರಿಗೆ ಮುಖ ನೆನಪಾಗುವುದಿಲ್ಲ. ಮುಖ ಗೊತ್ತಿದ್ದವರಿಗೆ ಹೆಸರು ಗೊತ್ತಿಲ್ಲ. ಜನರಿಂದ ಮಾಹಿತಿ ಬೇಕು ಅಂದರೆ ಅಧಿಕಾರಿ ಯಾವ ವರ್ಷ ಎಲ್ಲಿ, ಯಾವ ಡ್ಯೂಟಿಯಲ್ಲಿದ್ದರು ಅನ್ನುವುದನ್ನೂ ಹಾಕಬೇಕು. ಫೋಟೋ ಹಾಕಿದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಬರೆಯುವವರು ಇಬ್ಬರೇ: ಆ ಅಧಿಕಾರಿಯ ಜೊತೆ ಕೇಸು ನಡೆಸಿದವರು, ಇಲ್ಲ ಅವರ ಸಹೋದ್ಯೋಗಿಗಳು.

ಲೆಕ್ಕದವನು

ಮಟಾಟು ಕೈಕುಲುಕಿನ ಕಥೆ ಕೀನ್ಯಾದಲ್ಲಿ ಮುಂದೆ ಎಲ್ಲಿಗೆ ಹೋಯಿತು ಅನ್ನುವುದೇ ನನಗೆ ಜಾಸ್ತಿ ಇಷ್ಟವಾದ ಭಾಗ.

ಅಲ್ಲಿ 2007ರಿಂದ ಎಂ-ಪೆಸಾ ಇದೆ. ಮೊಬೈಲಿನಲ್ಲಿ ದುಡ್ಡು ಕಳಿಸುವ ವ್ಯವಸ್ಥೆ. ವೆಟ್ಟಿಂಗ್‌ಗೆ ಬರುವ ಅಧಿಕಾರಿಗಳು ಆಸ್ತಿ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗೆ ಎಂ-ಪೆಸಾ ಸ್ಟೇಟ್‌ಮೆಂಟನ್ನೂ ತೋರಿಸಬೇಕಾಯಿತು. ಟ್ರಾಫಿಕ್ ಪೊಲೀಸರ ಸರದಿ ಬಂದಾಗ ಬಣ್ಣ ಬಯಲಾಯಿತು. ರಸ್ತೆಯಲ್ಲಿ ನಿಂತ ಕಿರಿಯರಿಂದ ಮೇಲಿನವರಿಗೆ ದುಡ್ಡು ಹೋಗಿದ್ದು ದಾಖಲೆಯಲ್ಲೇ ಕೂತಿತ್ತು.

ಇಂಥ ಸ್ಟೇಟ್‌ಮೆಂಟ್ ಓದುವುದು ನನ್ನ ಹೊಟ್ಟೆಪಾಡು, ಹಾಗಾಗಿ ಹೇಳ್ತೀನಿ. ಒಂದು ದೊಡ್ಡ ಮೊತ್ತ ಕಂಡರೆ ನಾವು ತಲೆ ಕೆಡಿಸಿಕೊಳ್ಳಲ್ಲ. ಜಮೀನು ಮಾರಿರಬಹುದು, ಸಾಲ ತಗೊಂಡಿರಬಹುದು, ಕಾಗದ ಕೇಳಿದರೆ ಆಯ್ತು. ನೋಡುವುದು ಸಣ್ಣ ಮೊತ್ತಗಳನ್ನು. ಐದಾರು ಬೇರೆ ಬೇರೆ ನಂಬರುಗಳಿಂದ, ಹೆಚ್ಚುಕಮ್ಮಿ ಒಂದೇ ಮೊತ್ತ, ಒಂದೇ ಹೊತ್ತಿಗೆ, ಒಬ್ಬನೇ ಮನುಷ್ಯನಿಗೆ. ಆ ಐದಾರು ಜನವೂ ಅವನ ಕೈಕೆಳಗಿನವರು. ಆ ಮನುಷ್ಯನಿಗೆ ವರ್ಗವಾದ ವಾರದಿಂದ ದುಡ್ಡು ನಿಂತಿದೆ, ಅದೇ ನಂಬರುಗಳಿಂದ ಹೊಸದಾಗಿ ಬಂದವನಿಗೆ ಶುರುವಾಗಿದೆ. ಈಗ ಅದನ್ನು ಚೀಟಿ ದುಡ್ಡು, ಕೈಸಾಲ ಅನ್ನಿ ನೋಡೋಣ. ಕೈಸಾಲ ಮನುಷ್ಯನ ಹಿಂದೆ ಹೋಗುತ್ತದೆ. ಮಾಮೂಲಿ ಕುರ್ಚಿಯ ಹಿಂದೆ ಹೋಗುತ್ತದೆ.

ಇಲ್ಲಿ ಯಾವ ನಾಗರಿಕನೂ ಅಫಿಡವಿಟ್ ಹಾಕಬೇಕಾಗಿಲ್ಲ. ಬಿಡಿಸಿಹೇಳಿ ಅವರು ಕೇಳಿದ ಗಂಟೆಯನ್ನು ಬೆಕ್ಕಿನ ಫೋನೇ ಕಟ್ಟಿಕೊಟ್ಟಿತು.

ಬಿಡಿಸಿಹೇಳಿ

ಹಹ್ಹ, ಚೆನ್ನಾಗಿದೆ. ಹಾಗಾದ್ರೆ ಜನ ಯಾಕೆ ಬೇಕು? ಸ್ಟೇಟ್‌ಮೆಂಟ್ ಓದೋರು ನಾಲ್ಕು ಜನ ಇದ್ರೆ ಸಾಕಲ್ವಾ?

ಲೆಕ್ಕದವನು

ಸಾಲಲ್ಲ. ಯಾರ ಸ್ಟೇಟ್‌ಮೆಂಟ್‌ನಲ್ಲಿ ಯಾವ ತಿಂಗಳು ನೋಡಬೇಕು ಅಂತ ಗೊತ್ತಾಗಬೇಕಲ್ಲ. ಒಬ್ಬೊಬ್ಬರದ್ದೂ ನೂರಾರು ಪುಟ. 'ಈ ತಿಂಗಳು, ಈ ರಸ್ತೆಯಲ್ಲಿ' ಅಂತ ಒಂದು ಸಾಲು ಬಂದರೆ ಕೆಲಸ ಅಲ್ಲಿಂದ ಶುರುವಾಗುತ್ತದೆ. ಮತ್ತೆ, ಏಟು ತಿಂದಿದ್ದು ಸ್ಟೇಟ್‌ಮೆಂಟ್‌ನಲ್ಲಿ ಬರಲ್ಲ. ಲಾಕಪ್‌ನಲ್ಲಿ ಎರಡು ರಾತ್ರಿ ಕೂಡಿಹಾಕಿದ್ದೂ ಬರಲ್ಲ.

ಇನ್ನೂ ಒಂದಿದೆ. ಒಂದು ಸಲ ಸಿಕ್ಕಿಬಿದ್ದ ಮೇಲೆ ಯಾರಾದರೂ ತಮ್ಮದೇ ಫೋನಿಗೆ ದುಡ್ಡು ಹಾಕಿಸಿಕೊಳ್ತಾರಾ? ಈ ದಾರಿ ಮೊದಲ ಸುತ್ತಿಗೆ ಮಾತ್ರ ಚೆನ್ನಾಗಿ ನಡೆಯುತ್ತದೆ.

ಮಟಾಟು ಪ್ರಯಾಣಿಕ

ಭಯದ ವಿಷಯಕ್ಕೆ ವಾಪಸ್ ಬರ್ತೀನಿ. ಅದನ್ನು ಹಗುರವಾಗಿ ದಾಟಿ ಹೋಗಬಾರದು.

2016ರ ಜೂನ್‌ನಲ್ಲಿ ವಿಲ್ಲಿ ಕಿಮಾನಿ ಅನ್ನುವ ವಕೀಲರನ್ನು, ಅವರ ಕಕ್ಷಿದಾರನನ್ನು, ಜೊತೆಗಿದ್ದ ಟ್ಯಾಕ್ಸಿ ಚಾಲಕನನ್ನು ಕೋರ್ಟಿನಿಂದ ವಾಪಸ್ ಬರುವಾಗ ಅಪಹರಿಸಿ ಕೊಂದರು. ಹೆಣಗಳು ನದಿಯಲ್ಲಿ ಸಿಕ್ಕವು. ಆ ಕಕ್ಷಿದಾರ ಒಬ್ಬ ಬೈಕ್ ಟ್ಯಾಕ್ಸಿ ಓಡಿಸುವವನು. ತನ್ನ ಮೇಲೆ ಗುಂಡು ಹಾರಿಸಿದ ಪೊಲೀಸ್ ಅಧಿಕಾರಿಯ ವಿರುದ್ಧ ಪೊಲೀಸ್ ಮೇಲ್ವಿಚಾರಣೆಯ ಸ್ವತಂತ್ರ ಪ್ರಾಧಿಕಾರಕ್ಕೆ ದೂರು ಕೊಟ್ಟಿದ್ದ. ಅವನು ಮಾಡಿದ ತಪ್ಪು ಅಷ್ಟೇ. 2022ರಲ್ಲಿ ಮೂವರು ಪೊಲೀಸರು ಮತ್ತು ಒಬ್ಬ ಮಾಹಿತಿದಾರ ತಪ್ಪಿತಸ್ಥರು ಅಂತ ತೀರ್ಪು ಬಂತು. 2023ರ ಫೆಬ್ರುವರಿಯಲ್ಲಿ ಮುಖ್ಯ ಆರೋಪಿಗೆ ಕೋರ್ಟ್ ಮರಣದಂಡನೆ ವಿಧಿಸಿತು.

ಭಯ ದೂರುದಾರರಿಗೆ ಮಾತ್ರ ಅಲ್ಲ. ವೆಟ್ಟಿಂಗ್ ಶುರುವಾದ ಹೊಸತರಲ್ಲೇ ಆಯೋಗದ ಅಧ್ಯಕ್ಷರಾಗಿದ್ದ ಜಾನ್‌ಸ್ಟನ್ ಕಾವುಲುಡಿ ಅವರಿಗೆ ಬೆದರಿಕೆ ಬಂತು. ಕಚೇರಿಯ ಬಳಿ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ಮನುಷ್ಯನ ಕಡಿದ ತಲೆ, ಜೊತೆಗೆ ಎಚ್ಚರಿಕೆಯ ಚೀಟಿ. ಅಧ್ಯಕ್ಷರಿಗೇ ಹೀಗಾದರೆ ಸಾಮಾನ್ಯ ಮನುಷ್ಯ ಯಾವ ಧೈರ್ಯದಲ್ಲಿ ಸಹಿ ಹಾಕುತ್ತಾನೆ?

ಸಂಜೆಮಲ್ಲಿಗೆ

ಅದಕ್ಕೇ ಹೆಸರು ಬಚ್ಚಿಡುವುದು ಬೇರೆ, ಹೆಸರೇ ಇಲ್ಲದಿರುವುದು ಬೇರೆ ಅಂತ ನೋಡಬೇಕು. ದೂರು ಕೊಟ್ಟವರು ಯಾರು ಅಂತ ಆಯೋಗದ ಒಂದಿಬ್ಬರಿಗೆ ಮಾತ್ರ ಗೊತ್ತಿರಲಿ. ಅಧಿಕಾರಿಗೆ ಹೋಗುವ ಕಾಗದದಲ್ಲಿ ಸಂಗತಿ ಇರಲಿ, ಹೆಸರು ಬೇಡ. ಪೂರಾ ಅನಾಮಧೇಯವಾಗಿ ಬಂದದ್ದನ್ನು ಕಸದ ಬುಟ್ಟಿಗೆ ಹಾಕಬೇಕಾಗಿಲ್ಲ, ಆದರೆ ಅದರ ಮೇಲೆ ಯಾರನ್ನೂ ತೆಗೆಯಬಾರದು. ಅದು ಸುಳಿವು ಅಷ್ಟೇ. ಹುಡುಕಿದಾಗ ಬೇರೆ ಪುರಾವೆ ಸಿಕ್ಕಿದರೆ ಆ ಪುರಾವೆ ಮಾತಾಡಲಿ.

ಇದರಲ್ಲಿ ತೊಡಕು ಇಲ್ಲ ಅಂತಲ್ಲ. ಕೆಲವು ಸಂಗತಿಗಳು ಹೇಗಿರುತ್ತವೆ ಅಂದರೆ, ದಿನಾಂಕ ಹೇಳಿದರೆ ಸಾಕು, ಯಾರು ಹೇಳಿದ್ದು ಅಂತ ಅಧಿಕಾರಿಗೆ ಹೊಳೆಯುತ್ತದೆ. ಅಂಥ ಕಡೆ ವಿಚಾರಣೆ ಮುಗಿಯುವ ತನಕ ಆತನನ್ನು ಆ ಜಾಗದಿಂದ ಎತ್ತಂಗಡಿ ಮಾಡುವುದು ಬಿಟ್ಟು ಬೇರೆ ದಾರಿ ನನಗೆ ಕಾಣಲ್ಲ.

ನಿವೃತ್ತ ಖಾಕಿ

ಸರಿ. ಹಾಗಾದರೆ ಅಧಿಕಾರಿ ತನ್ನನ್ನು ಹೇಗೆ ಸಮರ್ಥಿಸಿಕೊಳ್ಳಬೇಕು? ಆರೋಪ ಹೊರಿಸಿದವನು ಯಾರು ಅಂತ ಗೊತ್ತಿಲ್ಲದೆ ಪಾಟೀಸವಾಲು ಮಾಡೋದು ಹೇಗೆ? ಇಲಾಖಾ ವಿಚಾರಣೆಯಲ್ಲಾದರೂ ಸಾಕ್ಷಿ ಎದುರು ಬರ್ತಾರೆ.

ಸಂಜೆಮಲ್ಲಿಗೆ

ಒಳ್ಳೆಯ ಪ್ರಶ್ನೆ ಸರ್. ಇದನ್ನು ಸರಿಯಾಗಿ ನೋಡಿಕೊಳ್ಳದೆ ಎಡವಿದ ಕಡೆಗಳಿವೆ. ಬೋಸ್ನಿಯಾದಲ್ಲಿ ಯುದ್ಧ ಮುಗಿದ ಮೇಲೆ, 1996ರಿಂದ 2002ರ ತನಕ, ವಿಶ್ವಸಂಸ್ಥೆಯವರೇ ಅಲ್ಲಿನ ಪೊಲೀಸರನ್ನು ಪರಿಶೀಲಿಸಿದರು. ಪ್ರಮಾಣಪತ್ರ ಸಿಗದ ನೂರಾರು ಜನ ಮತ್ತೆಂದೂ ಪೊಲೀಸ್ ಕೆಲಸ ಮಾಡುವ ಹಾಗಿರಲಿಲ್ಲ. ಸರಿಯಾದ ಮೇಲ್ಮನವಿಗೆ ಜಾಗವೇ ಇರಲಿಲ್ಲ. ವಿಶ್ವಸಂಸ್ಥೆಯ ಮಿಷನ್ ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೆ ಅಹವಾಲು ಯಾರಿಗೆ ಕೊಡಬೇಕು? 2005ರಲ್ಲಿ ವೆನಿಸ್ ಆಯೋಗ, ಅಂದರೆ ಯುರೋಪಿನ ಸಾಂವಿಧಾನಿಕ ಸಲಹಾ ಸಂಸ್ಥೆ, ಇದನ್ನು ಪ್ರಶ್ನಿಸಿತು. 2007ರಲ್ಲಿ ಭದ್ರತಾ ಮಂಡಳಿ ಕಡೆಯಿಂದ ಒಂದು ಪತ್ರ ಬಂದ ಮೇಲೆ ಅವರು ಮತ್ತೆ ಅರ್ಜಿ ಹಾಕಬಹುದು ಅಂತಾಯಿತು. ಅಷ್ಟರಲ್ಲಿ ಎಷ್ಟು ವರ್ಷ ಹೋಯಿತು ನೋಡಿ.

ಬ್ರಿಟನ್‌ನಲ್ಲೂ ಇದೇ ತಕರಾರು. ಲಂಡನ್ ಪೊಲೀಸರು ವೆಟ್ಟಿಂಗ್ ಅನುಮತಿ ಕಿತ್ತುಕೊಂಡು, ಅದೇ ಕಾರಣಕ್ಕೆ ಕೆಲಸದಿಂದಲೂ ತೆಗೆಯುತ್ತಿದ್ದರು. 2025ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದು ಕಾನೂನಿನ ಪ್ರಕಾರ ನಿಲ್ಲಲ್ಲ ಅಂದಿತು. ಆಪಾದನೆಗೆ ಉತ್ತರ ಕೊಡಲು ಅಧಿಕಾರಿಗೆ ಸರಿಯಾದ ಅವಕಾಶ ಸಿಗುತ್ತಿಲ್ಲ ಅನ್ನುವುದು ಕೋರ್ಟಿನ ಮಾತು. ಆಮೇಲೆ ಸರ್ಕಾರ ನಿಯಮವನ್ನೇ ಬದಲಿಸಬೇಕಾಯಿತು.

ಆರೋಪದ ಪೂರ್ತಿ ವಿವರ ಮುಂಚೆ ಕೈಗೆ ಬರಬೇಕು. ಉತ್ತರ ಕೊಡಲು ಸಮಯ ಬೇಕು. ತೀರ್ಮಾನಕ್ಕೆ ಕಾರಣ ಬರೆದು ಕೊಡಬೇಕು. ಮೇಲೆ ಇನ್ನೊಂದು ಬಾಗಿಲು ತೆರೆದಿರಬೇಕು. ಸಾಕ್ಷಿಯ ಮುಖ ನೋಡುವುದಕ್ಕಿಂತ ಇವು ಮುಖ್ಯ ಅಂತ ನನ್ನ ಅಭಿಪ್ರಾಯ. ನಿಮಗೆ ಒಪ್ಪಿಗೆ ಆಗದಿರಬಹುದು.

ನಿವೃತ್ತ ಖಾಕಿ

ಅರ್ಧ ಒಪ್ಪಿಗೆ ಇದೆ ಅನ್ನಿ.

ಬಿಡಿಸಿಹೇಳಿ

ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಪೊಲೀಸ್ ದೂರು ಪ್ರಾಧಿಕಾರ ಅಂತ ಬಂತಲ್ಲ, ಅದೂ ಇದೂ ಒಂದೇನಾ?

ಕಡತಪ್ರಿಯ

ಅಲ್ಲ. ದೂರು ಪ್ರಾಧಿಕಾರ ಒಂದು ಘಟನೆಯನ್ನು ನೋಡುತ್ತದೆ: ಆ ದಿನ ಆ ಅಧಿಕಾರಿ ತಪ್ಪು ಮಾಡಿದನಾ ಇಲ್ಲವಾ. ವೆಟ್ಟಿಂಗ್ ಇಡೀ ಮನುಷ್ಯನನ್ನು ನೋಡುತ್ತದೆ: ಇವನ ಕೈಗೆ ಲಾಠಿ, ಬಂದೂಕು, ಬಂಧಿಸುವ ಅಧಿಕಾರ ಕೊಟ್ಟು ನೆಮ್ಮದಿಯಾಗಿರಬಹುದಾ? ಕೀನ್ಯಾದಲ್ಲಿ ಎರಡೂ ಬೇರೆ ಬೇರೆ ಸಂಸ್ಥೆ. ಮೇಲೆ ಹೇಳಿದ ಸ್ವತಂತ್ರ ಪ್ರಾಧಿಕಾರ ದೂರುಗಳಿಗೆ, ಆಯೋಗ ವೆಟ್ಟಿಂಗ್‌ಗೆ.

ದೀಪದಕಂಬ

ತುಂಬಾ ಹೊತ್ತಿನಿಂದ ಓದ್ತಾ ಇದ್ದೆ. ಎಲ್ಲರೂ ಲಂಚ, ಹೊಡೆತದ ಬಗ್ಗೆಯೇ ಹೇಳ್ತಿದ್ದೀರಿ. ಸಾಮರ್ಥ್ಯದ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಅದನ್ನು ಇಲಾಖೆಯವರೇ ಅಳೆಯಬೇಕು, ಜನರಿಗೇನು ಗೊತ್ತಾಗುತ್ತೆ ಅಂತ ಅಲ್ವಾ?

ನಮ್ಮ ಮನೆಯಲ್ಲಿ ಒಮ್ಮೆ ಕಳ್ಳತನವಾಯಿತು. ಬೆಳಿಗ್ಗೆ ನೋಡಿದ ತಕ್ಷಣ ನಾವು ಏನೂ ಮುಟ್ಟಲಿಲ್ಲ. ಬೀರುವಿನ ಬಾಗಿಲು ಅರೆ ತೆರೆದಿತ್ತು. ಬಂದ ಅಧಿಕಾರಿ ತುಂಬಾ ಮರ್ಯಾದಸ್ಥರು. 'ಧೈರ್ಯವಾಗಿರಿ ಅಮ್ಮ' ಅಂದರು. ಅನ್ನುತ್ತಲೇ ಬರಿಗೈಯಲ್ಲಿ ಬೀರುವಿನ ಹಿಡಿ ಹಿಡಿದು ಬಾಗಿಲು ಪೂರ್ತಿ ಎಳೆದರು. ಆಮೇಲೆ ಮಧ್ಯಾಹ್ನ ಬೆರಳಚ್ಚಿನವರು ಬಂದರು. ಪುಡಿ ಹಾಕಿ ನೋಡಿ, ಇದು ಯಾರ ಕೈ ಅಂತ ಕೇಳಿದರು. ನಾನು ಏನು ಹೇಳಲಿ?

ಆ ಅಧಿಕಾರಿ ಒಂದು ರೂಪಾಯಿ ಕೇಳಲಿಲ್ಲ. ಒಂದು ಗಟ್ಟಿ ಮಾತು ಆಡಲಿಲ್ಲ. ಒಳ್ಳೆಯ ಮನುಷ್ಯ, ಆದರೆ ಕೆಲಸ ಬಾರದು. ಇದನ್ನು ನೋಡಲು ನನಗೆ ಪೊಲೀಸ್ ತರಬೇತಿ ಬೇಕಾಗಲಿಲ್ಲ. ಆದರೆ ಎಲ್ಲಿ ಬರೆಯಬೇಕು? ದೂರು ಅಂದರೆ ಅದು ದೂರಲ್ಲ. ಇಂಥದ್ದು ಹೇಳಿಕೊಳ್ಳಲು ವೆಟ್ಟಿಂಗ್ ಬಿಟ್ಟರೆ ಬೇರೆ ಜಾಗ ಇಲ್ಲ.

ನಿವೃತ್ತ ಖಾಕಿ

ದೀಪದಕಂಬ ಅಕ್ಕಾವ್ರೇ, ಓದಿ ತಲೆ ಚಚ್ಚಿಕೊಂಡೆ. ಸ್ಥಳ ಕಾಯೋದು ತರಬೇತಿಯ ಮೊದಲ ಪಾಠ. ಇಲಾಖೆಯ ಪರೀಕ್ಷೆಯಲ್ಲಿ ಆ ಮನುಷ್ಯ 'ಅಪರಾಧ ಸ್ಥಳದಲ್ಲಿ ಏನನ್ನೂ ಮುಟ್ಟಬಾರದು' ಅಂತ ಬರೆದು ಮಾರ್ಕ್ಸ್ ತಗೊಂಡಿರ್ತಾನೆ.

ಸಾಮರ್ಥ್ಯದ ವಿಷಯದಲ್ಲಿ ಜನ ಹೇಳಬಹುದಾದ್ದು ಇದೆ ಅಂತ ಒಪ್ಪಿಕೊಳ್ತೀನಿ. ಹೇಳಿಕೆ ಬರೆದುಕೊಂಡ ಮೇಲೆ ಓದಿ ಹೇಳಿದರಾ? ಮಹಜರಿಗೆ ಸಹಿ ಹಾಕಿಸುವಾಗ ಪಂಚರು ಅಲ್ಲಿ ನಿಜವಾಗಿ ಇದ್ದರಾ? ಕೇಸು ಏನಾಯ್ತು ಅಂತ ಹೇಳಿದರಾ? ಇದಕ್ಕೆಲ್ಲ ಜನರೇ ಸಾಕ್ಷಿ. ಆದರೆ 'ಕಳ್ಳನನ್ನು ಹಿಡಿಯಲಿಲ್ಲ, ಹಾಗಾಗಿ ಅಸಮರ್ಥ' ಅಂತ ಬರೆದರೆ ನಾನು ಒಪ್ಪಲ್ಲ. ಸಿಗದ ಕಳ್ಳರು ಎಲ್ಲರ ಸರ್ವಿಸಿನಲ್ಲೂ ಇದ್ದಾರೆ.

ಸಂಜೆಮಲ್ಲಿಗೆ

ದೀಪದಕಂಬ ಹೇಳಿದ್ದಕ್ಕೆ ತಿರುಗುಮುರುಗಾದ ಉದಾಹರಣೆ ಬ್ರಿಟನ್‌ನ ಡೇವಿಡ್ ಕ್ಯಾರಿಕ್. 2001ರಲ್ಲಿ ಲಂಡನ್ ಪೊಲೀಸ್ ಸೇರಿದವನು. 2000ದಿಂದ 2021ರ ನಡುವೆ ಒಂಬತ್ತು ಸಲ ಬೇರೆ ಬೇರೆ ಘಟನೆಗಳಲ್ಲಿ ಅವನ ಹೆಸರು ಪೊಲೀಸರ ಗಮನಕ್ಕೆ ಬಂದಿತ್ತು. ಆದರೂ 2017ರಲ್ಲಿ ನಡೆದ ಮರುಪರಿಶೀಲನೆಯಲ್ಲಿ ಪಾಸಾದ. ಅಷ್ಟು ಹೊತ್ತಿಗೆ ಬಂದೂಕು ಹಿಡಿಯುವ ಘಟಕದಲ್ಲಿದ್ದ. 2023ರ ಜನವರಿಯಲ್ಲಿ ಅತ್ಯಾಚಾರವೂ ಸೇರಿ 49 ಅಪರಾಧಗಳನ್ನು ಒಪ್ಪಿಕೊಂಡ.

ಅಲ್ಲಿ ಹೇಳಿದವರು ಇರಲಿಲ್ಲ ಅಂತಲ್ಲ. ಮಾಹಿತಿ ಒಂಬತ್ತು ತುಂಡಾಗಿ ಬಿದ್ದಿತ್ತು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿ 'ಮುಂದುವರಿಸುವಷ್ಟು ಪುರಾವೆ ಇಲ್ಲ' ಅಂತ ಮುಚ್ಚಿದರೆ ಮನುಷ್ಯ ಕಾಣುವುದೇ ಇಲ್ಲ. ಎಲ್ಲವನ್ನೂ ಒಂದೇ ಟೇಬಲ್ ಮೇಲೆ ಹರಡಿ ನೋಡಿದಾಗ ಮಾತ್ರ ಕಾಣುತ್ತಾನೆ. ವೆಟ್ಟಿಂಗ್ ಮಾಡಬೇಕಾದ ಕೆಲಸ ಅದು.

ಕಡತಪ್ರಿಯ

ಇದಕ್ಕೆ ಸೇರಿಸಿ ನನ್ನದೊಂದು ಮಾತು. ಜನರಿಗೆ 'ಗೊತ್ತಿದ್ದನ್ನು ಬರೆಯಿರಿ' ಅಂತ ಖಾಲಿ ಹಾಳೆ ಕೊಟ್ಟರೆ ಏನು ಬರುತ್ತದೆ? ನಾನೇ ಎರಡು ನಮೂನೆ ಬರೆದು ತೋರಿಸ್ತೀನಿ.

ಒಂದು: 'ಈ ಅಧಿಕಾರಿ ಮಹಾ ಭ್ರಷ್ಟ. ಊರಿಗೆಲ್ಲ ಗೊತ್ತು. ಬಡವರ ಶಾಪ ತಟ್ಟದೆ ಬಿಡಲ್ಲ. ಕೂಡಲೇ ಕಿತ್ತುಹಾಕಿ.'

ಇನ್ನೊಂದು: 'ಮಾರ್ಚ್ ಮೊದಲ ಸೋಮವಾರ ಸಂಜೆ ನನ್ನ ತಮ್ಮನನ್ನು ಠಾಣೆಗೆ ಕರೆದೊಯ್ದರು. ಬುಧವಾರ ಬೆಳಿಗ್ಗೆ ಬಿಟ್ಟರು. ಠಾಣೆಯ ಪುಸ್ತಕದಲ್ಲಿ ಅವನ ಹೆಸರು ಬರೆದಿಲ್ಲ. ಬಿಡುವ ಮುಂಚೆ ಒಂದು ಫೋನ್ ನಂಬರಿಗೆ ದುಡ್ಡು ಕಳಿಸಿದೆವು. ನಂಬರ್ ಇದು. ಆಗ ಟೇಬಲ್‌ನಲ್ಲಿ ಇದ್ದದ್ದು ಇವರು.'

ಮೊದಲನೆಯದರಲ್ಲಿ ಸಿಟ್ಟು ಬಿಟ್ಟು ಏನಿಲ್ಲ. ಸಿಟ್ಟು ನಿಜವೇ ಇರಬಹುದು, ಆದರೆ ಸಮಿತಿ ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಎರಡನೆಯದರಲ್ಲಿ ಹಿಡಿದು ಎಳೆಯಲು ಮೂರು ದಾರ ಇವೆ. ಡ್ಯೂಟಿ ಪಟ್ಟಿ, ಠಾಣೆಯ ಪುಸ್ತಕ, ಎಂ-ಪೆಸಾ ನಂಬರು. ಬಂಧಿತರನ್ನು 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು ಅಂತ ಕೀನ್ಯಾ ಸಂವಿಧಾನವೇ ಹೇಳುತ್ತದೆ. ಪುಸ್ತಕದಲ್ಲಿ ಹೆಸರು ಬಿಟ್ಟದ್ದು ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಗಮನಿಸಿ, ಎರಡನೆಯದರಲ್ಲಿ ಅಧಿಕಾರಿಯನ್ನು ಏನು ಮಾಡಬೇಕು ಅಂತ ಬರೆದೇ ಇಲ್ಲ.

ಎರಡನೆಯ ನಮೂನೆ ತಾನಾಗಿ ಬರುವುದಿಲ್ಲ. ಯಾವಾಗ, ಎಲ್ಲಿ, ಯಾರಿದ್ದರು, ಏನು ದಾಖಲೆ ಅಂತ ಫಾರ್ಮಿನಲ್ಲೇ ಕೇಳಬೇಕು. ಓದು ಬರಹ ಬಾರದವರ ಮಾತು ಬರೆದುಕೊಳ್ಳಲು ಮನುಷ್ಯರನ್ನು ಕೂರಿಸಬೇಕು, ಅದೂ ಠಾಣೆಯಿಂದ ಹೊರಗೆ. ಎಲ್ಲರಿಗೂ ಬರೆಯುವ ಅವಕಾಶ ಇದೆ ಅಂದುಬಿಟ್ಟು ಕೂತರೆ ಬರೆಯುವುದು ವಕೀಲರು ಮತ್ತು ಶತ್ರುಗಳು.

ನಿವೃತ್ತ ಖಾಕಿ

ಈ ಎರಡನೇ ಪತ್ರ ನನ್ನ ಮೇಲೆ ಬಂದಿದ್ದರೆ ನಾನು ಉತ್ತರ ಕೊಡಬಲ್ಲೆ. ಸುಳ್ಳಾಗಿದ್ದರೆ ಡ್ಯೂಟಿ ಪಟ್ಟಿ ತೋರಿಸಿ ಹತ್ತು ನಿಮಿಷದಲ್ಲಿ ಮುಗಿಸ್ತೀನಿ. ಮೊದಲನೆಯದಕ್ಕೆ ಹರಿಶ್ಚಂದ್ರನೂ ಉತ್ತರ ಕೊಡಲಾರ.

ಮಟಾಟು ಪ್ರಯಾಣಿಕ

ಪತ್ರ ಎಷ್ಟೇ ಚೆನ್ನಾಗಿರಲಿ, ಓದುವವರು ಯಾರು? ಕೀನ್ಯಾ ಸಂವಿಧಾನದ 246ನೇ ವಿಧಿ ನೋಡಿ. ಆಯೋಗದಲ್ಲಿ ಹೈಕೋರ್ಟ್ ನ್ಯಾಯಾಧೀಶರಾಗುವ ಅರ್ಹತೆ ಇರುವ ಒಬ್ಬರು, ಇಬ್ಬರು ನಿವೃತ್ತ ಹಿರಿಯ ಪೊಲೀಸರು, ಸಾರ್ವಜನಿಕ ಸೇವೆಯಲ್ಲಿ ಹೆಸರು ಮಾಡಿದ ಮೂವರು ಇರ್ತಾರೆ. ಇಷ್ಟು ಸರಿ. ಇವರ ಜೊತೆ ಡ್ಯೂಟಿಯಲ್ಲಿರುವ ಪೊಲೀಸ್ ಮಹಾನಿರೀಕ್ಷಕರು ಮತ್ತು ಅವರ ಇಬ್ಬರು ಉಪ ಮುಖ್ಯಸ್ಥರೂ ಸದಸ್ಯರೇ. ತನ್ನ ಕೈಕೆಳಗಿನವರ ಬಗ್ಗೆ ಬಂದ ಪತ್ರ ತಾನೇ ಓದುವುದು!

ಮಹಾನಿರೀಕ್ಷಕರ ನೇಮಕದ ಕಥೆಯೂ ಅಷ್ಟೆ. 2012ರಲ್ಲಿ ಡೇವಿಡ್ ಕಿಮಾಯೊ ಅವರನ್ನು ಆರಿಸುವಾಗ ಆಯೋಗ ಜನರ ಎದುರೇ ಸಂದರ್ಶನ ಮಾಡಿತ್ತು. 2014ರ ಭದ್ರತಾ ಕಾನೂನು ತಿದ್ದುಪಡಿ ಬಂದ ಮೇಲೆ ಆಯೋಗದ ಸಂದರ್ಶನ ಹೋಯಿತು. ದೇಶದ ಅಧ್ಯಕ್ಷರು ಹೆಸರು ಸೂಚಿಸುವುದು, ಸಂಸತ್ತು ಒಪ್ಪುವುದು. ಕೆಳಗಿನವರಿಗೆ ಜನರ ಪರೀಕ್ಷೆ, ಮೇಲಿನವರಿಗೆ ಹತ್ತಿರದ ದಾರಿ.

ಸಂಜೆಮಲ್ಲಿಗೆ

ಉತ್ತರ ಐರ್ಲೆಂಡ್‌ನಲ್ಲಿ ಇದನ್ನು ಬೇರೆ ಥರ ಮಾಡಿದ್ದಾರೆ. ಪೊಲೀಸ್ ಸುಧಾರಣೆ ಬಗ್ಗೆ ಬಂದ 1999ರ ಪ್ಯಾಟನ್ ವರದಿಯ ನಂತರ ಬಂದ ಪೊಲೀಸಿಂಗ್ ಬೋರ್ಡ್‌ನಲ್ಲಿ 19 ಸದಸ್ಯರು. 10 ಜನ ಬೇರೆ ಬೇರೆ ಪಕ್ಷಗಳವರು, 9 ಜನ ಪಕ್ಷವಿಲ್ಲದವರು. ಪೊಲೀಸ್ ಮುಖ್ಯಸ್ಥರನ್ನು ನೇಮಿಸುವುದೇ ಅವರು. ಡ್ಯೂಟಿಯಲ್ಲಿರುವ ಅಧಿಕಾರಿಗೆ ಅಲ್ಲಿ ಕುರ್ಚಿ ಇಲ್ಲ. ಪಕ್ಷದವರ ಕಾಟ ಇದ್ದೇ ಇರುತ್ತದೆ, ಅದು ಬೇರೆ ಮಾತು.

ಬಿಡಿಸಿಹೇಳಿ

ಅಷ್ಟೆಲ್ಲ ಮಾಡಿ ಕೀನ್ಯಾದಲ್ಲಿ ಎಷ್ಟು ಜನ ಮನೆಗೆ ಹೋದ್ರು? ಜಾರ್ಜಿಯಾದಲ್ಲಿ 2004ರಲ್ಲಿ ಟ್ರಾಫಿಕ್ ಪೊಲೀಸ್ ದಳವನ್ನೇ ಒಟ್ಟಿಗೆ ತೆಗೆದು ಹೊಸಬರನ್ನು ತಂದರಲ್ಲ. ಅದೇ ಸುಲಭ ಅನ್ಸುತ್ತೆ ನಂಗೆ.

ಲೆಕ್ಕದವನು

ಹಾಗೆ ತೆಗೆದರೆ ಒಳ್ಳೆಯವರೂ ಒಟ್ಟಿಗೇ ಹೋಗ್ತಾರೆ. ಒಬ್ಬೊಬ್ಬರನ್ನೇ ನೋಡಿದರೆ ವರ್ಷಗಟ್ಟಲೆ ಹಿಡಿಯುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕು. ಉಕ್ರೇನ್ 2015-16ರಲ್ಲಿ ಹಳೆಯ ಪೊಲೀಸರನ್ನು ಒಬ್ಬೊಬ್ಬರಾಗಿ ಕರೆದು ನೋಡಿತು. ಆ ಸಮಿತಿಗಳಲ್ಲಿ ನಾಗರಿಕ ಸಂಘಟನೆಗಳವರೂ ಕೂತಿದ್ದರು. ಐದು ಸಾವಿರಕ್ಕೂ ಹೆಚ್ಚು ಜನರನ್ನು ತೆಗೆದರು. ಅದರಲ್ಲಿ ಸಾಕಷ್ಟು ಜನ ಕೋರ್ಟಿಗೆ ಹೋಗಿ ವಾಪಸ್ ಬಂದರು. ತೆಗೆಯಲು ಕಾರಣ ಸರಿಯಾಗಿ ಬರೆಯದಿದ್ದರೆ ಕೋರ್ಟಿನಲ್ಲಿ ಅದು ನಿಲ್ಲಲ್ಲ.

ಕೀನ್ಯಾದಲ್ಲಿ ಇನ್ನೊಂದು ತಮಾಷೆ ನಡೆಯಿತು. ಕೆಲವರು ವಿಚಾರಣೆಗೆ ಬರಲೇ ಇಲ್ಲ. 2016ರಲ್ಲಿ ಹಾಗೆ ತಪ್ಪಿಸಿಕೊಂಡ 300ಕ್ಕೂ ಹೆಚ್ಚು ಜನರನ್ನು ಆಯೋಗ ಕೆಲಸದಿಂದ ತೆಗೆಯಿತು. ಸ್ಟೇಟ್‌ಮೆಂಟ್ ತೋರಿಸುವುದಕ್ಕಿಂತ ಕೆಲಸ ಬಿಡುವುದೇ ಲೇಸು ಅನ್ನಿಸಿತೋ ಏನೋ. ಇವರನ್ನು ಸಮಿತಿ ಫೇಲ್ ಮಾಡಿದ ಲೆಕ್ಕಕ್ಕೆ ಹಾಕಬೇಕೋ ಬೇಡವೋ ನೀವೇ ಹೇಳಿ.

ದೀಪದಕಂಬ

ಬರೆದು ಕೊಟ್ಟವರಿಗೆ ಉತ್ತರ ಬರುತ್ತಾ? ನನಗೆ ಬೇಕಾಗಿರುವುದು ಅದು. ಒಂದು ಸಲ ಬರೆದು, ಏನಾಯ್ತು ಅಂತ ಗೊತ್ತಾಗದಿದ್ದರೆ ಮುಂದಿನ ಸಲ ಯಾರೂ ಬರೆಯಲ್ಲ.

ಸಂಜೆಮಲ್ಲಿಗೆ

ಬರಬೇಕು. ನಿಮ್ಮ ಮಾಹಿತಿ ತಲುಪಿತು, ನೋಡಿದೆವು, ಇಷ್ಟು ಸಾಬೀತಾಯಿತು, ಇಷ್ಟು ಆಗಲಿಲ್ಲ ಅಂತ ನಾಲ್ಕು ಸಾಲು ಸಾಕು. ಅಧಿಕಾರಿಯ ಬ್ಯಾಂಕ್ ವಿವರ ಎಲ್ಲ ಅದರಲ್ಲಿ ಹಾಕುವುದು ಬೇಡ.

ನಿವೃತ್ತ ಖಾಕಿ

ಅಧಿಕಾರಿಗೂ ಒಂದು ಪ್ರತಿ ಕೊಡಿ. ಆರೋಪ ಬಂತು, ನೋಡಿದೆವು, ನಿಜ ಅಲ್ಲ ಅಂತ ಸೇವಾ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಮೂಗರ್ಜಿ ಬಂದದ್ದು ಎಲ್ಲರಿಗೂ ಗೊತ್ತಾಗುತ್ತೆ, ಅದು ಸುಳ್ಳು ಅಂತ ಆಗಿದ್ದು ಯಾರ ಕಿವಿಗೂ ಬೀಳಲ್ಲ. ಪ್ರಮೋಶನ್ ಹೊತ್ತಿಗೆ ಹಳೇ ಮೂಗರ್ಜಿ ಮತ್ತೆ ಮೇಲೆ ಬರುತ್ತೆ. ಈ ಒಂದು ಪ್ರತಿ ಸಿಗುತ್ತೆ ಅಂದರೆ ಆ ಸಮಿತಿ ಮುಂದೆ ಕೂರಲು ನನ್ನ ಅಭ್ಯಂತರ ಇಲ್ಲ.

ಲೆಕ್ಕದವನು

ಎಂ-ಪೆಸಾ ಸ್ಟೇಟ್‌ಮೆಂಟ್ ಸಮೇತನಾ ಸರ್?

ನಿವೃತ್ತ ಖಾಕಿ

ನನ್ನದು ಕೀಪ್ಯಾಡ್ ಫೋನು ಮಾರಾಯ್ರೇ. ಪಾಸ್‌ಬುಕ್ ತರ್ತೀನಿ, ನೋಡ್ಕೊಳ್ಳಿ.